ಚಪ್ಪಟೆ ಟ್ಯಾಂಕ್, ಎತ್ತರದ ಟ್ಯಾಂಕ್: ಮಾದರಿ ವಿಮಾನಕ್ಕೆ 300 ಮಿಲಿಲೀಟರಿನ ಎರಡು ಇಂಧನ ಟ್ಯಾಂಕ್‌ಗಳ ವಿಮರ್ಶೆ

ಮಾದರಿ ವಿಮಾನಕ್ಕೆ ಇಂಧನ ಟ್ಯಾಂಕ್ ಕೊಳ್ಳುವಾಗ ಹೆಚ್ಚಿನವರು ನೋಡುವುದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಒಂದೇ ಸಂಖ್ಯೆಯನ್ನು, ಅಂದರೆ ಅದು ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂಬುದನ್ನು. ಆದರೆ ಟ್ಯಾಂಕ್ ತುಂಬಿದ್ದಾಗಲೂ ಬರಿದಾಗುತ್ತಿರುವಾಗಲೂ ಎಂಜಿನ್ ಒಂದೇ ಹದದಲ್ಲಿ ಓಡಬೇಕಾದರೆ ಮುಖ್ಯವಾಗುವುದು ಪೊಟ್ಟಣದ ಮೇಲೆ ಎಲ್ಲಿಯೂ ಕಾಣದ ಇನ್ನೊಂದು ಅಳತೆ: ಟ್ಯಾಂಕಿನ ಎತ್ತರ. ಒಂದೇ ತಯಾರಕರಿಂದ ಬಂದ, ಒಂದೇ ಸಾಮರ್ಥ್ಯದ, ಆದರೆ ಬೇರೆ ಬೇರೆ ಆಕಾರದ ಎರಡು ಟ್ಯಾಂಕ್‌ಗಳನ್ನು ಒಂದೇ ವಿಮಾನದಲ್ಲಿ ಬದಲಾಯಿಸಿ ಬಳಸಿ ನೋಡಿದ ಮೇಲೆ ಈ ಮಾತನ್ನು ಧೈರ್ಯದಿಂದ ಹೇಳಬಹುದು ಎನಿಸಿತು. ಇದೇ ಅಚ್ಚಿನ ಟ್ಯಾಂಕ್‌ಗಳು ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಹೆಸರಿನ ಗೊಡವೆಗೆ ಹೋಗದೆ, ಅವನ್ನು ಎತ್ತರದ ಟ್ಯಾಂಕ್ ಮತ್ತು ಚಪ್ಪಟೆ ಟ್ಯಾಂಕ್ ಎಂದಷ್ಟೇ ಕರೆಯುತ್ತೇನೆ.

ಎರಡೂ ಅರೆಪಾರದರ್ಶಕ ಪಾಲಿಥೀನ್‌ನಿಂದ ಊದಿ ಮಾಡಿದ ಬಾಟಲಿಗಳು. ಎತ್ತರದ ಟ್ಯಾಂಕಿನ ಹೊರ ಅಳತೆ ಉದ್ದ 115, ಅಗಲ 58, ಎತ್ತರ 52 ಮಿಲಿಮೀಟರ್. ಚಪ್ಪಟೆಯದು ಉದ್ದ 130, ಅಗಲ 68, ಎತ್ತರ 38 ಮಿಲಿಮೀಟರ್. ಪೊಟ್ಟಣದೊಳಗೆ ರಬ್ಬರ್ ಸ್ಟಾಪರ್, ಅದನ್ನು ಎರಡು ಕಡೆಯಿಂದ ಒತ್ತುವ ಲೋಹದ ಎರಡು ಬಿಲ್ಲೆಗಳು, ನಡುವೆ ಹಾಯುವ ಒಂದು ಸ್ಕ್ರೂ, ಮೂರು ಹಿತ್ತಾಳೆ ಕೊಳವೆಗಳು, ಟ್ಯಾಂಕಿನೊಳಗೆ ಹಾಕಬೇಕಾದ ಸಿಲಿಕೋನ್ ಟ್ಯೂಬ್, ಮತ್ತು ಅದರ ತುದಿಗೆ ಸಿಕ್ಕಿಸುವ ಕ್ಲಂಕ್ ಎಂಬ ಹಿತ್ತಾಳೆಯ ತೂಕದ ಗುಂಡು ಇವೆ. ವಿಮಾನ ಯಾವ ಭಂಗಿಯಲ್ಲಿದ್ದರೂ ಇಂಧನ ಸರಿದ ಕಡೆಗೆ ಈ ಗುಂಡೂ ಸರಿದು, ಅಲ್ಲಿಂದಲೇ ಎಂಜಿನ್ನಿಗೆ ಇಂಧನ ಎಳೆದುಕೊಳ್ಳುವಂತೆ ಮಾಡುವುದು ಈ ವ್ಯವಸ್ಥೆಯ ಹೂರಣ. ಜೋಡಣೆಯ ಸೂಚನಾ ಹಾಳೆ ಒಂದೇ ಪುಟದ್ದು. ಕೊಳವೆಗಳನ್ನು ಹೇಗೆ ಬಗ್ಗಿಸಬೇಕೆಂದು ಚಿತ್ರವಿದೆ. ಟ್ಯಾಂಕನ್ನು ವಿಮಾನದಲ್ಲಿ ಎಲ್ಲಿ, ಯಾವ ಮಟ್ಟದಲ್ಲಿ ಕೂರಿಸಬೇಕೆಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಈ ಉತ್ಪನ್ನದ ಬಗ್ಗೆ ನನ್ನ ಮೊದಲ ಮತ್ತು ದೊಡ್ಡ ಆಕ್ಷೇಪ ಇದೇ.

ಪರೀಕ್ಷೆಗೆ ಬಳಸಿದ್ದು 6.5 ಸಿ.ಸಿ. ಟು-ಸ್ಟ್ರೋಕ್ ಗ್ಲೋ ಎಂಜಿನ್ (ಗ್ಲೋ ಪ್ಲಗ್‌ನ ಕಾಯ್ದ ತಂತಿಯಿಂದ ಮೆಥನಾಲ್ ಇಂಧನ ಹೊತ್ತಿಸುವ ಎಂಜಿನ್) ಕೂರಿಸಿದ, ಹೈ ವಿಂಗ್ ಮಾದರಿಯ, ಅಂದರೆ ರೆಕ್ಕೆ ಮೇಲ್ಭಾಗದಲ್ಲಿರುವ ಸಾಧಾರಣ ವಿಮಾನ. ಈ ಎಂಜಿನ್ನಿಗೆ ಪಂಪ್ ಇಲ್ಲ. ಕಾರ್ಬ್ಯುರೇಟರಿನ ಕಿರಿದಾದ ಗಂಟಲಲ್ಲಿ ಗಾಳಿ ವೇಗವಾಗಿ ಹರಿಯುವಾಗ ಉಂಟಾಗುವ ಎಳೆತ ಮತ್ತು ಎಂಜಿನ್ನಿನ ಹೊಗೆ ಹೊರಹೋಗುವ ಮಫ್ಲರ್‌ನಿಂದ ಟ್ಯಾಂಕಿಗೆ ಕೊಡುವ ಅಲ್ಪ ಒತ್ತಡ, ಇವೆರಡೇ ಅದಕ್ಕೆ ಇಂಧನ ಮುಟ್ಟಿಸುವ ಶಕ್ತಿಗಳು. ಎರಡೂ ದುರ್ಬಲವಾದವು. ಆದ್ದರಿಂದಲೇ ಮೂರನೆಯ ಶಕ್ತಿಯಾದ ಗುರುತ್ವ, ಅಂದರೆ ಟ್ಯಾಂಕಿನಲ್ಲಿರುವ ಇಂಧನದ ಮೇಲ್ಮೈ ಮತ್ತು ಕಾರ್ಬ್ಯುರೇಟರಿನ ಸ್ಪ್ರೇ ಬಾರ್ (ಗಂಟಲಿಗೆ ಇಂಧನ ಬಿಡುವ ಸಣ್ಣ ಕೊಳವೆ) ನಡುವಿನ ಎತ್ತರದ ಅಂತರ, ಇಲ್ಲಿ ಇಷ್ಟು ದೊಡ್ಡ ಪಾತ್ರ ವಹಿಸುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಬಾಟಲಿಯನ್ನು ಮೇಲೆತ್ತಿದರೆ ಹನಿ ಬೇಗ ಬೀಳುವ ಹಾಗೆ, ಇಂಧನದ ಮೇಲ್ಮೈ ಸ್ಪ್ರೇ ಬಾರ್‌ಗಿಂತ ಮೇಲಿದ್ದರೆ ಮಿಶ್ರಣ ರಿಚ್ ಆಗುತ್ತದೆ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು), ಕೆಳಗಿದ್ದರೆ ಲೀನ್ ಆಗುತ್ತದೆ (ಇಂಧನ ಕಡಿಮೆ). ಇಂಧನದ ಹರಿವನ್ನು ಹೆಚ್ಚು ಕಡಿಮೆ ಮಾಡುವ ನೀಡಲ್ ವಾಲ್ವನ್ನು ನಾವು ತಿರುಗಿಸಿ ಹದ ಮಾಡುವುದು ಒಂದು ನಿರ್ದಿಷ್ಟ ಮಟ್ಟಕ್ಕೆ ಮಾತ್ರ. ಟ್ಯಾಂಕ್ ಬರಿದಾಗುತ್ತ ಹೋದಂತೆ ಆ ಮಟ್ಟ ಕುಸಿಯುತ್ತದೆ, ನೀಡಲ್ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಎತ್ತರದ ಟ್ಯಾಂಕಿನ ನಡುಗೆರೆಯನ್ನು ಸ್ಪ್ರೇ ಬಾರ್ ಮಟ್ಟಕ್ಕೆ ಸರಿಯಾಗಿ ಇಟ್ಟರೆ, ತುಂಬಿದಾಗ ಇಂಧನದ ಮೇಲ್ಮೈ ಸುಮಾರು 26 ಮಿಲಿಮೀಟರ್ ಮೇಲಿರುತ್ತದೆ, ಬರಿದಾಗುವ ಹೊತ್ತಿಗೆ ಸುಮಾರು 26 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಚಪ್ಪಟೆ ಟ್ಯಾಂಕಿನಲ್ಲಿ ಈ ಏರಿಳಿತ ಮೇಲೆ 19, ಕೆಳಗೆ 19 ಮಿಲಿಮೀಟರ್. ಒಟ್ಟು ವ್ಯತ್ಯಾಸ 52ರ ಬದಲು 38. ಕಾಗದದ ಮೇಲೆ ಇದು ಅಲ್ಪವೆನಿಸಬಹುದು, ಎಂಜಿನ್ ಅದನ್ನು ಅಲ್ಪವೆಂದು ಭಾವಿಸುವುದಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಕಾರ್ಬ್ಯುರೇಟರಿನ ಎಳೆತವೂ ಮಫ್ಲರ್ ಒತ್ತಡವೂ ಜೋರಾಗಿರುವುದರಿಂದ ಎರಡು ಟ್ಯಾಂಕ್‌ಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಿವಿಗೆ ಕೇಳಿಸಲಿಲ್ಲ. ವ್ಯತ್ಯಾಸ ಬಯಲಾದದ್ದು ಐಡಲ್‌ನಲ್ಲಿ, ಅಂದರೆ ಎಂಜಿನ್ ಅತಿ ನಿಧಾನವಾಗಿ ಓಡುವಾಗ. ಥ್ರಾಟಲ್ ಇಳಿಸಿದಾಗ ಮಫ್ಲರ್ ಒತ್ತಡ ಬಹುತೇಕ ಇಲ್ಲವಾಗುತ್ತದೆ, ಆಗ ಕೆಲವೇ ಮಿಲಿಮೀಟರಿನ ಮಟ್ಟವೂ ಮಿಶ್ರಣವನ್ನು ಅತ್ತಿತ್ತ ಎಳೆಯಬಲ್ಲದು. ಎತ್ತರದ ಟ್ಯಾಂಕ್ ಪೂರ್ತಿ ತುಂಬಿದ್ದಾಗ ಎಂಜಿನ್ ಐಡಲ್‌ನಲ್ಲಿ ಗುಟುಗುಟಿಸುತ್ತ, ಮಫ್ಲರ್‌ನಿಂದ ಎಣ್ಣೆ ಹನಿಸುತ್ತ, ಥ್ರಾಟಲ್ ಕೊಟ್ಟಾಗ ಒಂದು ಕ್ಷಣ ತಡವರಿಸಿ ಏರುತ್ತಿತ್ತು. ಅದೇ ಟ್ಯಾಂಕಿನ ತಳದಲ್ಲಿ ಸ್ವಲ್ಪವೇ ಇಂಧನ ಉಳಿದಾಗ ಅದೇ ಐಡಲ್ ಏರುದನಿಗೆ ತಿರುಗಿ, ವೇಗ ತಾನಾಗಿಯೇ ಹೆಚ್ಚಿದಂತೆ ಕೇಳಿಸುತ್ತಿತ್ತು. ವಿಮಾನ ಇಳಿಸಲು ಬರುವುದು ಟ್ಯಾಂಕ್ ಬರಿದಾಗುವ ಹೊತ್ತಿನಲ್ಲೇ ಆದ್ದರಿಂದ, ಐಡಲ್ ಕೈಕೊಡುವುದಾದರೆ ಅತ್ಯಂತ ಕೆಟ್ಟ ಘಳಿಗೆಯಲ್ಲೇ ಕೈಕೊಡುತ್ತದೆ. ಚಪ್ಪಟೆ ಟ್ಯಾಂಕ್ ಹಾಕಿದ ಮೇಲೆ ಈ ಏರುಪೇರು ಪೂರ್ತಿ ಹೋಗಲಿಲ್ಲ, ಆದರೆ ಐಡಲ್ ಮಿಶ್ರಣದ ಸ್ಕ್ರೂವನ್ನು ಒಮ್ಮೆ ಹದಗೊಳಿಸಿದರೆ ಆರಂಭದಿಂದ ಕೊನೆಯವರೆಗೆ ಅದರಲ್ಲೇ ನಿಭಾಯಿಸುವಷ್ಟು ತಗ್ಗಿತು.

ನಡುಗೆರೆ ಸ್ಪ್ರೇ ಬಾರ್ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ 6ರಿಂದ 10 ಮಿಲಿಮೀಟರ್ ಕೆಳಗೆ ಇರಬೇಕೆಂಬುದು ಏರೋಮಾಡೆಲಿಂಗ್‌ನಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ. ಸ್ವಲ್ಪ ಕೆಳಗಿಡುವುದಕ್ಕೆ ಕಾರಣ ಸರಳವಾದದ್ದು. ತುಂಬಿದ ಟ್ಯಾಂಕ್ ಸ್ಪ್ರೇ ಬಾರ್‌ಗಿಂತ ಮೇಲಿದ್ದರೆ, ಎಂಜಿನ್ ಓಡದೆ ಸುಮ್ಮನೆ ನಿಂತಿದ್ದಾಗಲೂ ಇಂಧನ ಸೈಫನ್ ಆಗಿ ಹರಿದು ಕಾರ್ಬ್ಯುರೇಟರಿನೊಳಗೆ, ಅಲ್ಲಿಂದ ಕ್ರ್ಯಾಂಕ್‌ಕೇಸಿನೊಳಗೆ ತುಂಬಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿದರೆ, ಪಿಸ್ಟನ್ ಮೇಲೆ ಸಿಕ್ಕಿಕೊಂಡ ದ್ರವ ಸಂಕುಚಿಸದ ಕಾರಣ ಕನೆಕ್ಟಿಂಗ್ ರಾಡ್ ಬಾಗಿ ಹೋಗಬಹುದು. ಪ್ರೊಪೆಲ್ಲರನ್ನು ಮೊದಲು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ಗಟ್ಟಿಯಾಗಿ ತಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಗ್ಲೋ ಪ್ಲಗ್‌ಗೆ ಬ್ಯಾಟರಿ ಜೋಡಿಸಿ ಸ್ಟಾರ್ಟರ್ ಮುಟ್ಟುವುದು ಯಾವ ಟ್ಯಾಂಕಿಗಾದರೂ ಒಳ್ಳೆಯದು.

ಎಂಜಿನ್ನನ್ನು ತಲೆಕೆಳಗಾಗಿ ಕೂರಿಸಿದ ವಿಮಾನಗಳಲ್ಲಿ ಈ ತೊಂದರೆ ಹೆಚ್ಚು. ಕಾರ್ಬ್ಯುರೇಟರ್ ಕ್ರ್ಯಾಂಕ್‌ಶಾಫ್ಟ್ ರೇಖೆಗಿಂತ ಕೆಳಗೆ ಇಳಿದಿರುತ್ತದೆ, ಟ್ಯಾಂಕಿನ ಜಾಗ ಮಾತ್ರ ಹಲವು ಕಿಟ್‌ಗಳಲ್ಲಿ ನೇರ ಎಂಜಿನ್ನಿಗೆ ಹೊಂದುವ ಮಟ್ಟದಲ್ಲಿಯೇ ಉಳಿದಿರುತ್ತದೆ. ಟ್ಯಾಂಕನ್ನು ಕೆಳಗಿಳಿಸೋಣವೆಂದರೆ ಲ್ಯಾಂಡಿಂಗ್ ಗೇರ್ ಕೂರಿಸಿದ ಪ್ಲೈವುಡ್ ಅಡ್ಡ ಬರುತ್ತದೆ. ಇಲ್ಲಿ ಚಪ್ಪಟೆ ಟ್ಯಾಂಕಿಗೆ ನೇರವಾದ ಲಾಭವಿದೆ: ಕೋಣೆಯ ತಳಕ್ಕೆ ತಾಗಿಸಿ ಇಟ್ಟಾಗ ಅದರ ನಡುಗೆರೆ ತಳದಿಂದ 19 ಮಿಲಿಮೀಟರ್ ಮೇಲಿರುತ್ತದೆ, ಎತ್ತರದ ಟ್ಯಾಂಕಿನದು 26 ಮಿಲಿಮೀಟರ್ ಮೇಲೆ. ಮರ ಕೊಯ್ಯದೆಯೇ 7 ಮಿಲಿಮೀಟರ್ ಸಿಕ್ಕಂತಾಯಿತು. ಎಂಜಿನ್ನನ್ನು ಪಕ್ಕಕ್ಕೆ ವಾಲಿಸಿ ಕೂರಿಸಿದರೆ ಸ್ಪ್ರೇ ಬಾರ್ ಹೆಚ್ಚುಕಡಿಮೆ ಕ್ರ್ಯಾಂಕ್‌ಶಾಫ್ಟ್ ಮಟ್ಟಕ್ಕೇ ಬರುವುದರಿಂದ, ಟ್ಯಾಂಕ್ ಹೊಂದಿಸುವುದು ಎಲ್ಲಕ್ಕಿಂತ ಸಲೀಸು. ಎಂಜಿನ್ನಿನ ಹೊದಿಕೆಯಾದ ಕೌಲ್‌ನ ಅಂದಕ್ಕಾಗಿ ತಲೆಕೆಳಗಾದ ಎಂಜಿನ್ ಬೇಕೇ ಬೇಕೆನ್ನುವವರು ಈ ಮಧ್ಯಮಾರ್ಗವನ್ನು ಒಮ್ಮೆ ಯೋಚಿಸಬಹುದು.

ಮಟ್ಟದ ವಿಷಯ ಸಮತಲ ಹಾರಾಟಕ್ಕೆ ಮುಗಿಯುವುದಿಲ್ಲ. ವಿಮಾನ ಲೂಪ್ ಹೊಡೆಯುವಾಗ ಅಥವಾ ಜೋರಾಗಿ ಮೇಲಕ್ಕೆ ಎಳೆದಾಗ ಗುರುತ್ವದ ಹಲವು ಪಟ್ಟು ಬಲ ಇಂಧನದ ಮೇಲೆ ಬೀಳುತ್ತದೆ. ಇಂಧನದ ಮೇಲ್ಮೈ 10 ಮಿಲಿಮೀಟರ್ ಕೆಳಗಿದ್ದು, ಎಳೆತದ ಬಲ 5 ಜಿ (ಗುರುತ್ವದ ಐದು ಪಟ್ಟು) ಆದರೆ, ಎಂಜಿನ್ನಿನ ಪಾಲಿಗೆ ಅದು 50 ಮಿಲಿಮೀಟರ್ ಕೆಳಗಿದ್ದಂತೆ. ಲೂಪಿನ ಆರಂಭದಲ್ಲಿಯೇ ಎಂಜಿನ್ ಲೀನ್ ಆಗಿ ಸದ್ದು ಬದಲಿಸುವುದನ್ನು ಕಂಡವರು ಸಾಮಾನ್ಯವಾಗಿ ನೀಡಲ್ ಇನ್ನಷ್ಟು ತೆರೆಯುತ್ತಾರೆ. ನೀಡಲಿಗಿಂತ ಮೊದಲು ನೋಡಬೇಕಾದದ್ದು ಟ್ಯಾಂಕಿನ ಮಟ್ಟವನ್ನು. ಕಂಟ್ರೋಲ್ ಲೈನ್ ವಿಮಾನ (ಕೈಯಲ್ಲಿ ಹಿಡಿದ ತಂತಿಗಳಿಗೆ ಕಟ್ಟಿಕೊಂಡು ಸುತ್ತ ಹಾರುವ ಮಾದರಿ) ಹಾರಿಸುವವರು ಈ ವಿಷಯದಲ್ಲಿ ರೇಡಿಯೋ ವಿಮಾನದವರಿಗಿಂತ ಬಹಳ ಮುಂದಿದ್ದಾರೆ ಎನ್ನಬೇಕು. ಅವರು ನೇರವಾಗಿ ಹಾರುವಾಗಿನ ಮತ್ತು ತಲೆಕೆಳಗಾಗಿ ಹಾರುವಾಗಿನ ಸುತ್ತಿನ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಅಳೆದು, ತಲೆಕೆಳಗಾದಾಗ ಎಂಜಿನ್ ಹೆಚ್ಚು ಲೀನ್ ಆಗಿ ವೇಗ ಹೆಚ್ಚಿದರೆ ಟ್ಯಾಂಕ್ ಮೇಲಿದೆಯೆಂದು ತಿಳಿದು ತೆಳುವಾದ ಪಟ್ಟಿಗಳನ್ನು ತೆಗೆದು ಅದನ್ನು ಇಳಿಸುತ್ತಾರೆ, ನೇರ ಹಾರಾಟದಲ್ಲಿ ಲೀನ್ ಆದರೆ ಪಟ್ಟಿ ಸೇರಿಸಿ ಏರಿಸುತ್ತಾರೆ. ಅವರ ಯೂನಿಫ್ಲೋ ಟ್ಯಾಂಕ್‌ಗಳಲ್ಲಿ ಗಾಳಿ ಒಳಬರುವ ಕೊಳವೆಯ ಬಾಯಿ ಇಂಧನ ಎಳೆಯುವ ಕೊಳವೆಯ ಬಾಯಿಯ ಹತ್ತಿರವೇ ಇರುತ್ತದೆ. ಹಾಗಾಗಿ ಟ್ಯಾಂಕ್ ಎಷ್ಟು ಬರಿದಾದರೂ ಎಂಜಿನ್ ಕಾಣುವ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನಮ್ಮ ಈ ಕ್ಲಂಕ್ ಟ್ಯಾಂಕ್‌ಗಳಲ್ಲಿ ಅಂತಹ ಜಾಣತನವಿಲ್ಲ. ಇಲ್ಲಿ ಆಕಾರವೊಂದೇ ಆಸರೆ.

ಹಾಗಾದರೆ ಚಪ್ಪಟೆ ಟ್ಯಾಂಕ್ ಎಲ್ಲ ರೀತಿಯಲ್ಲಿಯೂ ಮೇಲೆಂದು ಹೇಳಿಬಿಡಬಹುದೇ? ಮೂಗನ್ನು ನೇರ ಮೇಲಕ್ಕೆ ಎತ್ತಿದಾಗ ಲೆಕ್ಕ ತಿರುಗುತ್ತದೆ. ಆಗ ಟ್ಯಾಂಕಿನ ಉದ್ದವೇ ಅದರ ಎತ್ತರವಾಗುತ್ತದೆ. ಪರೀಕ್ಷೆಯ ವಿಮಾನದಲ್ಲಿ ಸ್ಪ್ರೇ ಬಾರ್‌ನಿಂದ ಫೈರ್‌ವಾಲ್‌ಗೆ (ಎಂಜಿನ್ ಕೂರಿಸಿದ ಮುಂಗೋಡೆಗೆ) 50 ಮಿಲಿಮೀಟರ್, ಅಲ್ಲಿಂದ ಟ್ಯಾಂಕಿನ ಮುಖಕ್ಕೆ 15 ಮಿಲಿಮೀಟರ್ ದೂರವಿದೆ. ನೇರ ಏರುವಾಗ ಬಹುತೇಕ ಬರಿದಾದ ಎತ್ತರದ ಟ್ಯಾಂಕಿನಿಂದ ಎಂಜಿನ್ ಇಂಧನವನ್ನು ಸುಮಾರು 180 ಮಿಲಿಮೀಟರ್ ಮೇಲಕ್ಕೆ ಎಳೆಯಬೇಕು, ಚಪ್ಪಟೆ ಟ್ಯಾಂಕಿನಿಂದ 195 ಮಿಲಿಮೀಟರ್. ಅಡ್ಡದಲ್ಲಿ ಗಳಿಸಿದ್ದನ್ನು ಉದ್ದದಲ್ಲಿ ಕಳೆದುಕೊಂಡಂತೆ ತೋರಿದರೂ ಈ ಎರಡು ನಷ್ಟಗಳು ಸಮಾನವಲ್ಲ. ನೇರ ಏರುವುದು ಪೂರ್ತಿ ಥ್ರಾಟಲ್‌ನಲ್ಲಿ, ಮಫ್ಲರ್ ಒತ್ತಡ ತನ್ನ ಗರಿಷ್ಠದಲ್ಲಿರುವಾಗ. ಐಡಲ್‌ನಲ್ಲಿ ಸಹಾಯಕ್ಕೆ ಆ ಒತ್ತಡವೂ ಇರುವುದಿಲ್ಲ. ಆದ್ದರಿಂದ ನನ್ನ ತೂಕ ಚಪ್ಪಟೆ ಟ್ಯಾಂಕಿನ ಕಡೆಗೇ. ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ: ಟ್ಯಾಂಕನ್ನು ಫೈರ್‌ವಾಲ್‌ನಿಂದ ದೂರಕ್ಕೆ, ಉದಾಹರಣೆಗೆ ರೆಕ್ಕೆಯ ಕೆಳಗೆ ಸರಿಸಿದರೆ ಈ ದೂರ ಸುಲಭವಾಗಿ 300 ಮಿಲಿಮೀಟರ್ ದಾಟುತ್ತದೆ. ಪಂಪ್ ಇಲ್ಲದ ಎಂಜಿನ್ ಅಷ್ಟು ದೂರದಿಂದ ಎಳೆದುಕೊಳ್ಳಲೆಂದು ನೀಡಲನ್ನು ತೆರೆದು ಸರಿಪಡಿಸಿದರೆ, ಮೂಗು ಕೆಳಗೆ ಮಾಡಿದ ಕೂಡಲೇ ಅದೇ ದೂರ ತಲೆಯ ಮೇಲಿನ ಹೊರೆಯಾಗಿ ಎಂಜಿನ್ನನ್ನು ಇಂಧನದಲ್ಲಿ ಮುಳುಗಿಸುತ್ತದೆ.

ಟ್ಯಾಂಕ್ ಮೂಗಿನಲ್ಲಿಯೇ ಇರಬೇಕಾದಾಗ ತೂಕದ ಸಮತೋಲದ ಪ್ರಶ್ನೆ ಏಳುತ್ತದೆ. ಶೇ 70 ಮೆಥನಾಲ್, ಶೇ 20 ಹರಳೆಣ್ಣೆ, ಶೇ 10 ನೈಟ್ರೊಮೀಥೇನ್ ಸೇರಿದ ಇಂಧನದ ಒಂದು ಮಿಲಿಲೀಟರ್ ಸುಮಾರು 0.86 ಗ್ರಾಂ ತೂಗುತ್ತದೆ, ಅಂದರೆ 300 ಮಿಲಿಲೀಟರಿಗೆ ಸುಮಾರು 258 ಗ್ರಾಂ. ಇಂಧನವಿಲ್ಲದೆ 2.7 ಕಿಲೋ ತೂಗುವ ವಿಮಾನದಲ್ಲಿ, ಟ್ಯಾಂಕಿನ ಮಧ್ಯಭಾಗ ಗುರುತ್ವ ಕೇಂದ್ರದಿಂದ 15 ಸೆಂಟಿಮೀಟರ್ ಮುಂದಿದ್ದರೆ, ತುಂಬಿದ ಟ್ಯಾಂಕ್ ಆ ಕೇಂದ್ರವನ್ನು ಸುಮಾರು 13 ಮಿಲಿಮೀಟರ್ ಮುಂದಕ್ಕೆ ಎಳೆಯುತ್ತದೆ. ಇಂಧನ ಖರ್ಚಾದಂತೆ ಕೇಂದ್ರ ಹಿಂದಕ್ಕೆ ಜಾರುತ್ತ, ಮೂಗನ್ನು ಏರಿಸಿ ಇಳಿಸುವ ಎಲಿವೇಟರ್ ಹೆಚ್ಚು ಚುರುಕಾಗುತ್ತ ಹೋಗುತ್ತದೆ. ಸಮತೋಲವನ್ನು ಯಾವಾಗಲೂ ಖಾಲಿ ಟ್ಯಾಂಕಿನಲ್ಲಿಯೇ ನೋಡಬೇಕು ಎನ್ನುವುದು ಇದಕ್ಕಾಗಿ. ಚಪ್ಪಟೆ ಟ್ಯಾಂಕ್ ಉದ್ದವಾಗಿರುವುದರಿಂದ ಅದರ ಮಧ್ಯಭಾಗ 7.5 ಮಿಲಿಮೀಟರಿನಷ್ಟು ಹಿಂದೆ ಬೀಳುತ್ತದೆ. ಲಾಭವೇ ಆದರೂ ಲೆಕ್ಕಕ್ಕೆ ಹಿಡಿಯುವಷ್ಟಲ್ಲ.

ಪಂಪ್ ಇರುವ ಎಂಜಿನ್‌ಗಳ ಲೋಕ ಬೇರೆ. ಕ್ರ್ಯಾಂಕ್‌ಕೇಸಿನ ಒತ್ತಡದ ಬಡಿತದಿಂದ ನಡೆಯುವ ಪೆರಿ ಪಂಪ್ ಜೋಡಿಸಿದವರು, ವೈ.ಎಸ್. ಎಂಜಿನ್‌ಗಳಂತೆ ಟ್ಯಾಂಕಿಗೆ ಒತ್ತಡ ಕೊಟ್ಟು ರೆಗ್ಯುಲೇಟರ್ ಮೂಲಕ ಇಂಧನ ಪಡೆಯುವ ಎಂಜಿನ್ ಬಳಸುವವರು, ವಾಲ್ಬ್ರೋ ಮಾದರಿಯ ಡಯಾಫ್ರಾಮ್ ಪಂಪ್ ಕಾರ್ಬ್ಯುರೇಟರಿನೊಳಗೇ ಇರುವ ಪೆಟ್ರೋಲ್ ಎಂಜಿನ್ ಇಟ್ಟವರು ಟ್ಯಾಂಕನ್ನು ಗುರುತ್ವ ಕೇಂದ್ರದ ಮೇಲೆಯೇ ಕೂರಿಸಿ ನಿಶ್ಚಿಂತೆಯಿಂದಿರಬಹುದು. ಅವರಿಗೆ ಆಕಾರಕ್ಕಿಂತ ಜಾಗಕ್ಕೆ ಹೊಂದುವುದೇ ಮುಖ್ಯವಾದ್ದರಿಂದ ಈ ವಿಮರ್ಶೆಯ ಅರ್ಧ ಭಾಗ ಅವರಿಗೆ ಬೇಕಿಲ್ಲ.

ಇನ್ನು ವಸ್ತುವಿನ ಗುಣಮಟ್ಟಕ್ಕೆ ಬರೋಣ. ಬಾಟಲಿಗಳು ಚೆನ್ನಾಗಿವೆ. ಗೋಡೆಯ ದಪ್ಪ ಎಲ್ಲೆಡೆ ಸಮನಾಗಿದೆ, ಅಚ್ಚಿನ ಜೋಡಣೆಯ ಗೆರೆಯಲ್ಲಿ ಸೀಳಿಲ್ಲ, ಕತ್ತಿನ ಅಂಚು ನಯವಾಗಿದೆ. ಸ್ಟಾಪರ್ ಕೂಡ ಒಳ್ಳೆಯದು. ಸ್ಕ್ರೂ ಬಿಗಿಸಿದಂತೆ ರಬ್ಬರ್ ಎಲ್ಲ ಸುತ್ತಲೂ ಸಮನಾಗಿ ಉಬ್ಬಿ ಕತ್ತನ್ನು ಹಿಡಿಯುತ್ತದೆ. ಬಿಗಿ ಎಷ್ಟಿರಬೇಕೆಂದರೆ ಕೈಯಿಂದ ತಿರುಗಿಸಿದರೆ ಸ್ಟಾಪರ್ ಅಲುಗಬಾರದು, ಅದಕ್ಕಿಂತ ಹೆಚ್ಚಿಸಿದರೆ ಕತ್ತು ಸೀಳುವ ಅಪಾಯವಿದೆ. ಜೋಡಿಸಿದ ಮೇಲೆ ಎರಡು ಕೊಳವೆ ಮುಚ್ಚಿ, ಮೂರನೆಯದಕ್ಕೆ ದೊಡ್ಡ ಸಿರಿಂಜ್ ಹಾಕಿ ಗಾಳಿ ತುಂಬಿ, ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿ ನೋಡಿದಾಗ ಎರಡರಲ್ಲಿಯೂ ಒಂದು ಗುಳ್ಳೆಯೂ ಹೊರಬರಲಿಲ್ಲ. ಈ ಪರೀಕ್ಷೆಯನ್ನು ವಿಮಾನದೊಳಗೆ ಹಾಕುವ ಮೊದಲೇ ಮಾಡುವುದು ಜಾಣತನ, ಏಕೆಂದರೆ ಒಮ್ಮೆ ಒಳಸೇರಿದ ಟ್ಯಾಂಕನ್ನು ಹೊರತೆಗೆಯುವುದು ಎಷ್ಟು ಬೇಸರದ ಕೆಲಸವೆಂದು ತೆಗೆದವರಿಗಷ್ಟೇ ಗೊತ್ತು.

ಹಿತ್ತಾಳೆ ಕೊಳವೆಗಳ ಬಗ್ಗೆ ಹಾಗೆ ಹೇಳಲಾಗದು. ಕಾರ್ಖಾನೆಯಲ್ಲಿ ಕತ್ತರಿಸಿದ ತುದಿಗಳು ಹಾಗೆಯೇ ಬಿಟ್ಟಂತಿವೆ. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ಸುತ್ತ ಕೂದಲೆಳೆಯಂತಹ ಚೂಪು ಒಳಕ್ಕೂ ಹೊರಕ್ಕೂ ಮಡಚಿಕೊಂಡಿರುವುದು ಕಾಣುತ್ತದೆ. ಬೆರಳ ತುದಿಯನ್ನು ಹಗುರವಾಗಿ ಹೊರಳಿಸಿದರೆ ಚರ್ಮಕ್ಕೆ ತಗಲುತ್ತದೆ. ಒಳಮುಖದ ಚೂಪು ಕೊಳವೆಯ ಬಾಯಿಯನ್ನು ಕಿರಿದಾಗಿಸುತ್ತದೆ, ಹೊರಮುಖದ್ದು ಸಿಲಿಕೋನ್ ಟ್ಯೂಬನ್ನು ಸಿಕ್ಕಿಸುವಾಗಲೇ ಕೊಯ್ಯುತ್ತದೆ. ಆ ಕೊಯ್ತ ಟ್ಯಾಂಕಿನ ಹೊರಗಾದರೆ ಇಂಧನ ಒಸರಿ ಕಣ್ಣಿಗೆ ಬೀಳುತ್ತದೆ. ಟ್ಯಾಂಕಿನೊಳಗಾದರೆ ಅದು ಬಹಳ ಕಾಡುವ ದೋಷ: ಟ್ಯಾಂಕ್ ತುಂಬಿರುವಾಗ ಸೀಳು ಇಂಧನದಲ್ಲಿಯೇ ಮುಳುಗಿರುವುದರಿಂದ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಮಟ್ಟ ಅರ್ಧಕ್ಕಿಳಿದು ಸೀಳು ಗಾಳಿಗೆ ತೆರೆದುಕೊಂಡ ಕೂಡಲೇ ಎಂಜಿನ್ ಇಂಧನದ ಜೊತೆ ಗಾಳಿಯನ್ನೂ ಎಳೆದು ಲೀನ್ ಆಗುತ್ತದೆ. ಸೂಜಿಮೊನೆಯ ಅರದಿಂದ ತುದಿಗಳನ್ನು ಒಳಗೂ ಹೊರಗೂ ಉಜ್ಜಿ ದುಂಡಗೆ ಮಾಡುವುದಕ್ಕೆ ಕೆಲವೇ ನಿಮಿಷ ಸಾಕು. ಆದರೂ ಆ ಕೆಲಸ ಕೊಳ್ಳುವವರದ್ದಾಗಬಾರದಿತ್ತು.

ಒಳಗಿನ ಸಿಲಿಕೋನ್ ಟ್ಯೂಬ್ ಎತ್ತರದ ಟ್ಯಾಂಕಿಗೆ ಸರಿಹೋಗುತ್ತದೆ, ಚಪ್ಪಟೆಯದಕ್ಕೆ ತೀರಾ ಮೆದುವಾಯಿತು. ಕ್ಲಂಕ್ ಟ್ಯಾಂಕಿನ ಹಿಂಗೋಡೆಯಿಂದ ಸುಮಾರು 6 ಮಿಲಿಮೀಟರ್ ಈಚೆಗೆ ನಿಲ್ಲಬೇಕು ಮತ್ತು ಬಾಟಲಿಯನ್ನು ಯಾವ ಕಡೆ ಹೊರಳಿಸಿದರೂ ಎಲ್ಲಿಯೂ ಸಿಕ್ಕಿಕೊಳ್ಳದೆ ಖಣ್ ಎಂದು ಆ ಬದಿಗೆ ಬೀಳಬೇಕು. 130 ಮಿಲಿಮೀಟರ್ ಉದ್ದದ ಬಾಟಲಿಯಲ್ಲಿ ಇಷ್ಟು ಮೆದುವಾದ ಟ್ಯೂಬ್ ಒರಟಾದ ಲ್ಯಾಂಡಿಂಗ್ ಆದಾಗ ಮುಂದಕ್ಕೆ ಮಡಚಿ, ಕ್ಲಂಕ್ ಮುಂಭಾಗದಲ್ಲಿಯೇ ಉಳಿದುಬಿಡುವ ಸಾಧ್ಯತೆಯಿದೆ. ನೆಲದ ಮೇಲೆ, ಸಮತಲದಲ್ಲಿ ಎಂಜಿನ್ ಚೆನ್ನಾಗಿಯೇ ಓಡಿ, ಮೂಗು ಎತ್ತಿದ ಕೂಡಲೇ ನಿಂತುಹೋದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಟ್ಯೂಬನ್ನು ನಡುವೆ ಕತ್ತರಿಸಿ, ಅಲ್ಲಿ 40 ಮಿಲಿಮೀಟರಿನಷ್ಟು ಹಿತ್ತಾಳೆ ಕೊಳವೆಯ ತುಂಡನ್ನು ಸೇರಿಸಿ, ಎರಡು ತುದಿಗಳಲ್ಲಿ ಮಾತ್ರ ಮೆದು ಟ್ಯೂಬ್ ಉಳಿಸಿದರೆ ಕ್ಲಂಕ್ ಮೇಲೆ ಕೆಳಗೆ ಸಲೀಸಾಗಿ ಓಲಾಡುತ್ತದೆ, ಹಿಂದುಮುಂದಾಗಿ ಮಡಚುವುದಿಲ್ಲ. ಚಪ್ಪಟೆ ಟ್ಯಾಂಕ್ ಕೊಳ್ಳುವವರು ಈ ಬದಲಾವಣೆಯನ್ನು ಮೊದಲ ದಿನವೇ ಮಾಡಿಕೊಳ್ಳುವುದು ಲೇಸು. ಕ್ಲಂಕ್ ಸ್ವತಃ ಸಾಕಷ್ಟು ತೂಕವುಳ್ಳದ್ದು, ಅದರ ಬಗ್ಗೆ ದೂರಿಲ್ಲ.

ಟ್ಯಾಂಕಿನೊಳಗೆ ಗಾಳಿ ಬರುವ ವೆಂಟ್ ಕೊಳವೆಯನ್ನು ಮೇಲಕ್ಕೆ ಬಗ್ಗಿಸಿ ಅದರ ಬಾಯಿ ಟ್ಯಾಂಕಿನ ಛಾವಣಿಗೆ 2ರಿಂದ 3 ಮಿಲಿಮೀಟರ್ ಅಂತರದಲ್ಲಿ ನಿಲ್ಲುವಂತೆ ಮಾಡಬೇಕು. ಛಾವಣಿಗೆ ಒತ್ತಿಕೊಂಡರೆ ದಾರಿಯೇ ಮುಚ್ಚುತ್ತದೆ, ತೀರಾ ಕೆಳಗಿದ್ದರೆ ಟ್ಯಾಂಕ್ ಪೂರ್ತಿ ತುಂಬುವುದಿಲ್ಲ. ಎತ್ತರದ ಟ್ಯಾಂಕಿನಲ್ಲಿ ಈ ಬಾಗು ಸುಲಭ. ಚಪ್ಪಟೆಯದರಲ್ಲಿ ಜಾಗ ಕಡಿಮೆಯಿರುವುದರಿಂದ ಕೊಳವೆ ಬಿಗಿಯಾಗಿ ಬಾಗಬೇಕು, ಕೈಯಿಂದ ಬಗ್ಗಿಸಿದರೆ ಬಾಗಿದಲ್ಲಿ ನುಜ್ಜಾಗುತ್ತದೆ. ಕೊಳವೆ ಬಗ್ಗಿಸುವ ಸ್ಪ್ರಿಂಗ್ ಅಥವಾ ಒಳಗೆ ತುರುಕಿದ ಸೂಕ್ತ ದಪ್ಪದ ತಂತಿ ಇದ್ದರೆ ಕೆಲಸ ಅಚ್ಚುಕಟ್ಟಾಗುತ್ತದೆ. ಈ ವೆಂಟ್‌ಗೆ ಮಫ್ಲರ್‌ನ ನಿಪ್ಪಲ್‌ನಿಂದ ಟ್ಯೂಬ್ ಬರುತ್ತದೆ. ಇಂಧನ ತುಂಬುವಾಗ ಅದನ್ನು ಮಫ್ಲರ್‌ನಿಂದ ಬಿಡಿಸದಿದ್ದರೆ, ಉಕ್ಕಿದ ಇಂಧನ ಮಫ್ಲರ್‌ಗೆ ಹೋಗಿ, ಅಲ್ಲಿಂದ ಎಕ್ಸಾಸ್ಟ್ ಮೂಲಕ ಸಿಲಿಂಡರಿಗೂ ಇಳಿಯಬಹುದು. ಮೂರನೆಯ ಕೊಳವೆಯನ್ನು ತುಂಬಲು ಮಾತ್ರ ಬಳಸಿ, ಹಾರಾಟಕ್ಕೆ ಮುನ್ನ ಅದಕ್ಕೆ ಬಿಗಿಯಾದ ಬಿರಡೆ ಹಾಕಬೇಕು. ಬಿರಡೆ ಸಡಿಲವಾದರೆ ಮಫ್ಲರ್ ಕೊಟ್ಟ ಒತ್ತಡ ಅಲ್ಲಿಯೇ ಸೋರಿ, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಲೀನ್ ಆಗುತ್ತದೆ. ತಯಾರಕರು ಮೂರು ಕೊಳವೆಗಳನ್ನು ಕೊಟ್ಟಿದ್ದಾರೆ, ಬಿರಡೆಯನ್ನು ಕೊಟ್ಟಿಲ್ಲ!

ಟ್ಯಾಂಕನ್ನು ಕೋಣೆಯೊಳಗೆ ಹೇಗೆ ಕೂರಿಸಬೇಕೆಂಬುದು ಕೊನೆಯ ಪ್ರಶ್ನೆಯಾದರೂ ಕಡಿಮೆಯದಲ್ಲ. ಎಂಜಿನ್ನಿನ ಕಂಪನ ನೇರವಾಗಿ ಬಾಟಲಿಗೆ ತಲುಪಿದರೆ ಇಂಧನ ನೊರೆಯಾಗುತ್ತದೆ, ನೊರೆಯೊಳಗಿನ ಗಾಳಿ ಕ್ಲಂಕ್ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಎರಡೂ ಟ್ಯಾಂಕ್‌ಗಳನ್ನು ಮೊದಲು ಬರಿಯ ಪ್ಲೈವುಡ್ ಮೇಲೆ, ಆಮೇಲೆ 6 ಮಿಲಿಮೀಟರ್ ದಪ್ಪದ ಮೆದು ಸ್ಪಂಜಿನಲ್ಲಿ ಸುತ್ತಿ ಓಡಿಸಿ, ಕಾರ್ಬ್ಯುರೇಟರಿಗೆ ಹೋಗುವ ಪಾರದರ್ಶಕ ಟ್ಯೂಬನ್ನು ನೋಡಿದೆ. ಬರಿಯ ಮರದ ಮೇಲಿದ್ದಾಗ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಸರಿಯುತ್ತಿದ್ದವು, ಕೆಲವು ಕಡೆ ಎರಡು ಮೂರು ಕೂಡಿ ಉದ್ದನೆಯ ಗುಳ್ಳೆಯಾಗಿ ಹೋಗುತ್ತಿದ್ದವು, ಅಂತಹುದೊಂದು ಕಾರ್ಬ್ಯುರೇಟರ್ ಮುಟ್ಟಿದಾಗಲೆಲ್ಲ ಸದ್ದಿನಲ್ಲಿ ಸಣ್ಣ ತಡವರಿಕೆ ಕೇಳುತ್ತಿತ್ತು. ಸ್ಪಂಜ್ ಸುತ್ತಿದ ಮೇಲೆ ಟ್ಯೂಬ್ ಸ್ವಚ್ಛವಾಯಿತು. ಚಪ್ಪಟೆ ಟ್ಯಾಂಕಿನ ಅಗಲವಾದ ತಳ ಬರಿಯ ಮರದ ಮೇಲೆ ಹೆಚ್ಚು ಅದುರುತ್ತದೆ, ಆದ್ದರಿಂದ ಅದಕ್ಕೆ ಸ್ಪಂಜ್ ಅನಿವಾರ್ಯ. ಸ್ಪಂಜನ್ನು ತುರುಕಿ ಗಟ್ಟಿ ಮಾಡಬಾರದು. ಒತ್ತಿ ಕಲ್ಲಾದ ಸ್ಪಂಜ್ ಕಂಪನವನ್ನು ತಡೆಯುವುದಿಲ್ಲ, ಸಾಗಿಸುತ್ತದೆ. ಸ್ಪಂಜಿನ ದಪ್ಪವನ್ನು ಮಟ್ಟದ ಲೆಕ್ಕದಲ್ಲಿ ಸೇರಿಸುವುದನ್ನೂ ಮರೆಯುವಂತಿಲ್ಲ, ತಳದಲ್ಲಿ ಹಾಕಿದ 6 ಮಿಲಿಮೀಟರ್ ಟ್ಯಾಂಕನ್ನು ಅಷ್ಟೇ ಮೇಲಕ್ಕೆತ್ತುತ್ತದೆ.

ಚಪ್ಪಟೆ ಟ್ಯಾಂಕಿನ ನಿಜವಾದ ಅಡ್ಡಿ ಇರುವುದು ಇಲ್ಲಿಯೇ. ಅದರ 68 ಮಿಲಿಮೀಟರ್ ಅಗಲಕ್ಕೆ ಎರಡು ಬದಿಯ ಸ್ಪಂಜ್ ಸೇರಿದರೆ 80 ಮಿಲಿಮೀಟರ್ ಆಗುತ್ತದೆ, ಈ ಗಾತ್ರದ ಬಹಳಷ್ಟು ವಿಮಾನಗಳ ಮೂಗಿನ ಒಳ ಅಗಲ ಅಷ್ಟಿರುವುದಿಲ್ಲ. ಪರೀಕ್ಷೆಯ ವಿಮಾನದಲ್ಲಿ ಹಿಂದಿನ ಫಾರ್ಮರ್‌ನ (ವಿಮಾನದ ಒಡಲಿಗೆ ಆಕಾರ ಕೊಡುವ ಅಡ್ಡಹಲಗೆಯ) ಕಿಂಡಿಯನ್ನು ಎರಡು ಬದಿಯಲ್ಲಿ ಅರದಿಂದ ಉಜ್ಜಿ ಅಗಲಿಸಿ, ಉಜ್ಜಿದ ಕಡೆ ತೆಳು ಪ್ಲೈವುಡ್ ಪಟ್ಟಿ ಅಂಟಿಸಿ ಬಲ ತುಂಬಬೇಕಾಯಿತು. ಎತ್ತರದ ಟ್ಯಾಂಕ್ ಏನೂ ಕೊಯ್ಯದೆ ಒಳಗೆ ಜಾರಿತು. ಕಿರಿದಾದ ಮೂಗಿನ ವಿಮಾನವಾದರೆ, ಎಂಜಿನ್ ನೇರವಾಗಿ ನಿಂತಿದ್ದರೆ, ಹಾರಾಟ ಸೌಮ್ಯವಾದದ್ದಾದರೆ ಎತ್ತರದ ಟ್ಯಾಂಕ್ ಸಾಕು, ಅದಕ್ಕಾಗಿ ಮರ ಕೊಯ್ಯುವ ಗೋಜು ಬೇಡ. ಅಗಲವಾದ ಮೂಗು, ತಲೆಕೆಳಗಾದ ಎಂಜಿನ್ ಅಥವಾ ಲೂಪ್‌ಗಳ ಮೋಹ, ಇವುಗಳಲ್ಲಿ ಒಂದಿದ್ದರೂ ಚಪ್ಪಟೆಯದನ್ನೇ ಆರಿಸುವಂತೆ ಹೇಳುತ್ತೇನೆ.

ಎರಡೂ ಪೊಟ್ಟಣಗಳ ಮೇಲೆ ಎಲ್ಲ ಬಗೆಯ ಇಂಧನಕ್ಕೂ ಸೂಕ್ತವೆಂಬ ಬರಹವಿದೆ, ಅದನ್ನು ನಂಬಬಾರದು. ಬಾಟಲಿ ಪೆಟ್ರೋಲನ್ನು ತಾಳುತ್ತದೆ, ಒಳಗಿನ ಸಿಲಿಕೋನ್ ಟ್ಯೂಬ್ ತಾಳುವುದಿಲ್ಲ. ಪೆಟ್ರೋಲಿನಲ್ಲಿ ನೆನೆದ ಸಿಲಿಕೋನ್ ಉಬ್ಬಿ, ಮೆತ್ತಗಾಗಿ, ಕೊಳವೆಯಿಂದ ತಾನಾಗಿ ಕಳಚಿಕೊಳ್ಳುತ್ತದೆ. ಈಥರ್ ಮತ್ತು ಸೀಮೆಎಣ್ಣೆ ಸೇರಿದ ಮಾಡೆಲ್ ಡೀಸೆಲ್ ಇಂಧನಕ್ಕೂ ಅದು ಹೊಂದುವುದಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಈ ಬಾಟಲಿಯನ್ನು ಬಳಸುವುದಾದರೆ ನಿಯೋಪ್ರೀನ್ ಅಥವಾ ವೈಟಾನ್ ಸ್ಟಾಪರ್, ಟೈಗಾನ್‌ನಂತಹ ಪೆಟ್ರೋಲ್ ತಾಳುವ ಟ್ಯೂಬ್ ಮತ್ತು ಫೆಲ್ಟ್ ಸುತ್ತಿದ ಕ್ಲಂಕ್ ಬೇರೆಯಾಗಿ ಕೊಳ್ಳಬೇಕು. ಆಗ ವೆಂಟ್ ಮಫ್ಲರ್‌ಗೆ ಹೋಗುವುದಿಲ್ಲ. ಅದರ ಟ್ಯೂಬನ್ನು ಟ್ಯಾಂಕಿನ ಮೇಲೆ ಒಂದು ಸುತ್ತು ಹಾಯಿಸಿ, ವಿಮಾನದ ತಳದಿಂದ ಹೊರಗಿನ ಗಾಳಿಗೆ ತೆರೆದುಬಿಡಬೇಕು.